ತಲೆ ನೆಟ್ಟಗೆ ಇಡಿ ಎನ್ನಬಾರದು

(ಮೈಸೂರಿನಲ್ಲಿ ಛಾಯಾಗ್ರಾಹಕ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ನಮಸ್ಕಾರ.

ನನ್ನ ಸೋದರಮಾವನ ಸ್ಟುಡಿಯೊ ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಹಡಿಯಲ್ಲಿತ್ತು. ನೀಲಿ ಪರದೆ, ಎರಡು ಛತ್ರಿ ದೀಪ, ಕನ್ನಡಿಯ ಪಕ್ಕ ದಾರ ಕಟ್ಟಿ ತೂಗುಬಿಟ್ಟ ಬಾಚಣಿಗೆ, ಯಾರಿಗೂ ಸರಿಹೊಂದದ ಆದರೆ ಎಲ್ಲರೂ ತೊಡುತ್ತಿದ್ದ ಒಂದು ಕಪ್ಪು ಕೋಟು. ನಾನು ಕಸುಬು ಕಲಿತದ್ದು ಅಲ್ಲಿ. ಕ್ಯಾಮೆರಾ ಕೈಗೆ ಬರುವ ಮೊದಲೇ ಬಾಯಿಪಾಠವಾದದ್ದು ಒಂದೇ ಮಾತು: ‘ತಲೆ ನೆಟ್ಟಗೆ ಇಡಿ, ಗಲ್ಲ ಸ್ವಲ್ಪ ಮೇಲೆ, ಕಣ್ಣು ಬಿಡಿ.’

ಒಂದು ದಿನ ಹತ್ತನೇ ತರಗತಿಯ ಹುಡುಗನೊಬ್ಬ ತಾಯಿಯ ಜೊತೆ ಬಂದ. ಪರೀಕ್ಷೆಯ ಅರ್ಜಿಗೆ ಫೋಟೊ ಬೇಕಿತ್ತು. ಒಣಹುಲ್ಲಿನ ಬಣ್ಣದ ಕೂದಲು, ಹುಬ್ಬೂ ಅದೇ ಬಣ್ಣ, ಮುಖದ ಮೇಲೆ ಬಿಸಿಲು ಕಚ್ಚಿದ ಕೆಂಪು. ಹನ್ನೊಂದು ಸಲ ಕ್ಲಿಕ್ಕಿಸಿದೆ. ಹನ್ನೊಂದರಲ್ಲೂ ಕಣ್ಣು ಮುಚ್ಚಿತ್ತು, ಇಲ್ಲವೇ ತಲೆ ಎಡಕ್ಕೆ ವಾಲಿತ್ತು. ‘ಅವನಿಗೆ ಬೆಳಕು ಆಗುವುದಿಲ್ಲ ಸ್ವಾಮಿ’ ಎಂದರು ಆ ತಾಯಿ, ತಾವೇ ತಪ್ಪು ಮಾಡಿದವರಂತೆ. ‘ಎರಡೇ ಸೆಕೆಂಡು ತಡೆದುಕೊಳ್ಳಲಿ ಅಮ್ಮಾ’ ಎಂದೆ ನಾನು. ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದು ಅರ್ಜಿ ವಾಪಸಾಯಿತು, ಅವರು ಇನ್ನೊಂದು ಸಲ ಬಸ್ಸು ಹತ್ತಿ ಬಂದರು. ಮೆಟ್ಟಿಲ ಮೇಲೆ ನಿಂತಿದ್ದ ಹುಡುಗರಲ್ಲಿ ಯಾರೋ ‘ಬಿಳಿ ಜಿರಳೆ’ ಎಂದದ್ದು ಒಳಗಿದ್ದ ನನಗೂ ಕೇಳಿಸಿತು, ಆ ತಾಯಿಗೂ ಕೇಳಿಸಿತು. ನಾನು ದೀಪದ ಛತ್ರಿ ಸರಿಪಡಿಸುವವನಂತೆ ನಟಿಸಿದೆ.

ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಪನಾಮಾದ ದ್ವೀಪಗಳಲ್ಲಿ ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕಡಿಮೆ ಇರುವ ಸ್ಥಿತಿ) ಇರುವವರ ಚಿತ್ರ ತೆಗೆಯಲು ಹೋಗಿದ್ದೆ ಎಂದರೆ, ಮಾನವೀಯತೆ ಉಕ್ಕಿ ಹೋದನೆಂದು ಕೇಳುವವರು ತಿಳಿಯುತ್ತಾರೆ. ಹೋದದ್ದು ಮುಖ್ಯವಾಗಿ ಆ ಹನ್ನೊಂದು ಕೆಟ್ಟ ಫೋಟೊಗಳ ಬಾಕಿ ತೀರಿಸಲು. ಜೊತೆಗೆ ಒಳ್ಳೆಯ ಚಿತ್ರ ಸಿಕ್ಕೀತೆಂಬ ಆಸೆಯೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪನಾಮಾ ದೇಶದ ಕೆರಿಬಿಯನ್ ಕರಾವಳಿಗೆ ಅಂಟಿಕೊಂಡಂತೆ ಸುಮಾರು 365 ಪುಟ್ಟ ದ್ವೀಪಗಳಿವೆ. ಜನವಸತಿ ಇರುವುದು ಐವತ್ತರಷ್ಟರಲ್ಲಿ ಮಾತ್ರ. ಮೊದಲು ಸಾನ್ ಬ್ಲಾಸ್ ಎನ್ನುತ್ತಿದ್ದರು, ಈಗ ಗುನಾ ಯಾಲಾ ಎನ್ನುತ್ತಾರೆ. ಗುನಾ ಎಂಬ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ ಅದು. ಪನಾಮಾ ನಗರದಿಂದ ಜೀಪಿನಲ್ಲಿ ಕಾಡಿನ ಬೆಟ್ಟ ಹತ್ತಿ ಇಳಿದರೆ ಗಡಿಯಲ್ಲಿ ಗುನಾ ಜನರದೇ ತಪಾಸಣೆ ಕಟ್ಟೆ ಸಿಗುತ್ತದೆ. ಅಲ್ಲಿ ಪಾಸ್‌ಪೋರ್ಟ್ ತೋರಿಸಿ, ಶುಲ್ಕ ಕೊಟ್ಟು, ಮುಂದೆ ದೋಣಿ ಹಿಡಿಯಬೇಕು. 1925ರ ಬಂಡಾಯದ ಕಾಲದ ಅವರ ಬಾವುಟದ ನಡುವೆ ನಮ್ಮ ಸ್ವಸ್ತಿಕವನ್ನು ಹೋಲುವ ಗುರುತು ಇದೆ. ಅದನ್ನು ನೋಡಿ ನಾನು ಬೆಪ್ಪಾಗಿ ನಿಂತಾಗ, ‘ಅದು ಆಕ್ಟೋಪಸ್, ಸೃಷ್ಟಿಯ ಕಥೆಯದು’ ಎಂದು ದೋಣಿಯವ ನಕ್ಕ.

ಈ ಸಮುದಾಯದಲ್ಲಿ ಸುಮಾರು ನೂರೈವತ್ತು ಜನರಿಗೆ ಒಬ್ಬರಂತೆ ಆಲ್ಬಿನಿಸಂ ಇರುವವರಿದ್ದಾರೆ. ಜಗತ್ತಿನ ಒಟ್ಟು ಲೆಕ್ಕ ಸಾಮಾನ್ಯವಾಗಿ 17,000ದಿಂದ 20,000 ಜನರಿಗೆ ಒಬ್ಬರು. ನೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಕಾರಣ ಗೂಢವಾದದ್ದೇನಲ್ಲ. ತಂದೆಯಿಂದಲೂ ತಾಯಿಯಿಂದಲೂ ಅದೇ ದೋಷವಿರುವ ಜೀನ್ ಬಂದಾಗ ಮಾತ್ರ ಮಗುವಿಗೆ ಇಂಥ ಆಲ್ಬಿನಿಸಂ ಬರುತ್ತದೆ. ತಂದೆ ತಾಯಿ ಇಬ್ಬರೂ ಕಂದು ಬಣ್ಣದವರಾಗಿದ್ದು ಅದನ್ನು ಒಳಗೇ ಹೊತ್ತಿರಬಹುದು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಚಿಕ್ಕ ಸಮುದಾಯ, ಹೊರಗಿನವರ ಜೊತೆ ಮದುವೆ ಬಹುಕಾಲ ವಿರಳ, ಹಾಗಾಗಿ ಆ ಜೀನ್ ಅಲ್ಲಲ್ಲೇ ಸುತ್ತಿತು. ಗುನಾ ಜನರಲ್ಲಿ ಕಾಣುವುದು ಒಸಿಎ2 ಎಂಬ ಬಗೆ. ಅದಕ್ಕೆ ಕಾರಣವಾದ ಜೀನಿನೊಳಗಿನ ಬದಲಾವಣೆಯನ್ನು 2009ರಲ್ಲಿ ಗುರುತಿಸಿದರು.

ನಮ್ಮಲ್ಲಿ ಇದನ್ನು ತೊನ್ನಿನ ಜೊತೆ ಬೆರೆಸುತ್ತೇವೆ. ತೊನ್ನು ಆಮೇಲೆ ಬರುವಂಥದ್ದು, ಅದರಲ್ಲಿ ಮಚ್ಚೆ ಮಚ್ಚೆಯಾಗಿ ಬಣ್ಣ ಹೋಗುತ್ತದೆ. ಇದು ಹುಟ್ಟಿನಿಂದಲೇ ಇರುವುದು, ಮತ್ತು ಚರ್ಮದಷ್ಟೇ ಕಣ್ಣಿನ ಸಂಗತಿಯೂ ಹೌದು. ಬಾಯಿಗೆ ಹಗುರವಾಗಿ ಬರುವ ಕನ್ನಡ ಪದ ನನಗೆ ಸಿಕ್ಕಿಲ್ಲ, ಸಿಕ್ಕಿದ್ದೆಲ್ಲ ಬೈಗುಳ. ಗುನಾ ಭಾಷೆಯಲ್ಲಿ ‘ಸಿಪು’ ಎಂದರೆ ಬಿಳಿ. ಆಲ್ಬಿನಿಸಂ ಇರುವವರನ್ನೂ ಅದೇ ಪದದಿಂದ ಕರೆಯುತ್ತಾರೆ. ಇನ್ನು ಮುಂದೆ ನಾನೂ ಅದನ್ನೇ ಬಳಸುತ್ತೇನೆ.

ಸಿಪು ಜನರನ್ನು ಹೊರಗಿನವರು ನೋಡಿ ಬರೆಯಲು ಶುರುಮಾಡಿ ಮುನ್ನೂರು ವರ್ಷ ದಾಟಿತು. 1681ರಲ್ಲಿ ಲಯೊನೆಲ್ ವೇಫರ್ ಎಂಬ ವೈದ್ಯ ಕಡಲ್ಗಳ್ಳರ ಗುಂಪಿನ ಜೊತೆ ಪನಾಮಾ ಭೂಸಂಧಿಯನ್ನು ದಾಟುತ್ತಿದ್ದ. ಕೋವಿಮದ್ದು ಸಿಡಿದು ಮೊಣಕಾಲು ಸುಟ್ಟುಕೊಂಡ. ಜೊತೆಯವರು ಅವನನ್ನು ಅಲ್ಲೇ ಬಿಟ್ಟು ಹೋದರು. ಗುನಾ ಜನರು ಸೊಪ್ಪು ಅರೆದು ಕಟ್ಟಿ ಗುಣಪಡಿಸಿದರು. ಆಗ ಅವರು ದ್ವೀಪಗಳಲ್ಲಿರಲಿಲ್ಲ, ನೆಲದ ಮೇಲಿನ ಕಾಡಿನಲ್ಲಿದ್ದರು. ದ್ವೀಪಗಳಿಗೆ ಹೆಚ್ಚಾಗಿ ಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವೇಫರ್ 1699ರಲ್ಲಿ ಪ್ರಕಟಿಸಿದ ಬರಹದಲ್ಲಿ ಹಾಲಿನಂತೆ ಬೆಳ್ಳಗಿರುವ ಜನರ ವಿವರ ಬರುತ್ತದೆ. ಹಗಲಿನಲ್ಲಿ ಅವರ ಕಣ್ಣಲ್ಲಿ ನೀರು ಸುರಿಯುತ್ತದೆ, ಬೆಳುದಿಂಗಳಲ್ಲಿ ಜಿಂಕೆಯಂತೆ ಓಡಾಡುತ್ತಾರೆ, ಇನ್ನೂರು ಮುನ್ನೂರು ಜನರಿಗೆ ಒಬ್ಬರಿದ್ದಾರು ಎನ್ನುತ್ತಾನೆ. ಕಣ್ಣಾರೆ ಕಂಡು ಹೇಳಿದವನ ಲೆಕ್ಕ ಇಂದಿನ ಲೆಕ್ಕಕ್ಕೆ ಅಷ್ಟು ದೂರವೇನಿಲ್ಲ.

ಅವನ ನಂತರ ಬಂದವರಿಗೆ ಕಣ್ಣಿಗಿಂತ ಕಲ್ಪನೆ ಹೆಚ್ಚು. 1924ರಲ್ಲಿ ರಿಚರ್ಡ್ ಮಾರ್ಷ್ ಎಂಬ ಅಮೆರಿಕನ್ ‘ಬಿಳಿ ಇಂಡಿಯನ್ನರ’ ಗುಪ್ತ ಕುಲವೊಂದಿದೆ ಎಂದು ನಂಬಿ ದಂಡಯಾತ್ರೆ ಹೊರಟ. ಹಿಂದೆಂದೋ ಯೂರೋಪಿನ ಉತ್ತರದಿಂದ ಬಂದವರ ಸಂತತಿ ಇವರು ಎಂದು ಅವನ ಊಹೆ. ಮೂವರು ಸಿಪು ಮಕ್ಕಳನ್ನೂ ಇನ್ನು ಕೆಲವು ಗುನಾ ಜನರನ್ನೂ ಅಮೆರಿಕಕ್ಕೆ ಕರೆದೊಯ್ದ. ವಿಜ್ಞಾನಿಗಳು ಅಳೆದರು, ಪತ್ರಿಕೆಯವರು ಚಿತ್ರ ತೆಗೆದರು. ಇದು ಆಲ್ಬಿನಿಸಂ ಎಂದು ತಿಳಿದವರು ಹೇಳಿದರೂ ಅವನು ಕೇಳಲಿಲ್ಲ. ವಿಚಿತ್ರವೆಂದರೆ ಇದೇ ಮನುಷ್ಯ ಮರುವರ್ಷ ಗುನಾ ಜನರ ಬಂಡಾಯದಲ್ಲಿ ಅವರ ಪರ ನಿಂತ. ಪನಾಮಾದ ಪೊಲೀಸರು ಹೆಂಗಸರ ಮೂಗುತಿಯನ್ನೂ, ಕಾಲಿಗೆ ಸುತ್ತುವ ಮಣಿಸರವನ್ನೂ, ‘ಮೊಲಾ’ ಎಂಬ ರವಿಕೆಯನ್ನೂ ಬಿಡಿಸಲು ಹೊರಟದ್ದು ಆ ಬಂಡಾಯದ ಕಿಡಿಗಳಲ್ಲಿ ಒಂದು. 1925ರ ಫೆಬ್ರವರಿಯಲ್ಲಿ ಎದ್ದ ಜನ ಮಾರ್ಚ್ ಮೊದಲ ವಾರದಲ್ಲಿ, ಅಮೆರಿಕದ ಯುದ್ಧನೌಕೆಯೊಂದರ ಮಧ್ಯಸ್ಥಿಕೆಯಲ್ಲಿ, ಒಪ್ಪಂದ ಮಾಡಿಕೊಂಡರು. ತಲೆಯಲ್ಲಿ ಹುಚ್ಚು ಊಹೆ ಇಟ್ಟುಕೊಂಡ ಮನುಷ್ಯನೂ ಕೆಲವೊಮ್ಮೆ ಸರಿಯಾದ ಕಡೆ ನಿಲ್ಲುತ್ತಾನೆ.

ಆ ಕಾಲದ ಚಿತ್ರಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮಗು ನಡುವೆ, ಎರಡೂ ಪಕ್ಕ ಕಂದು ಮೈಯವರು, ಎಲ್ಲರೂ ನಡುಹಗಲಿನ ಬಿಸಿಲಿನಲ್ಲಿ ಸಾಲಾಗಿ. ವ್ಯತ್ಯಾಸ ಎಷ್ಟಿದೆ ಎಂದು ತೋರಿಸಲು ತೆಗೆದ ಚಿತ್ರಗಳು ಅವು. ಮಗುವಿನ ಕಣ್ಣು ಮುಚ್ಚಿರುತ್ತದೆ. ನನ್ನ ಹನ್ನೊಂದು ಫೋಟೊಗಳಲ್ಲಿ ಇದ್ದ ಹಾಗೆಯೇ.

ಇನ್ನು ಸಿಪುಗಳನ್ನು ಕರೆಯುವ ‘ಚಂದ್ರನ ಮಕ್ಕಳು’ ಎಂಬ ಹೆಸರಿನ ವಿಷಯ. ಚಂದ್ರಗ್ರಹಣದ ಹೊತ್ತಿನಲ್ಲಿ ಚಂದ್ರನನ್ನು ನುಂಗುವ ಪ್ರಾಣಿಯ ಕಡೆಗೆ ಪುಟ್ಟ ಬಿಲ್ಲಿನಿಂದ ಬಾಣ ಬಿಡುವ ಹಕ್ಕು ಸಿಪುಗಳಿಗೆ ಮಾತ್ರ, ಉಳಿದವರು ಮನೆಯೊಳಗಿರಬೇಕು ಎಂಬುದು ಅವರ ನಂಬಿಕೆ. ರಾಹುವಿನ ಕಥೆ ಕೇಳಿ, ಗ್ರಹಣ ಬಿಡುವವರೆಗೆ ಒಲೆ ಹಚ್ಚದ ಮನೆಯಲ್ಲಿ ಬೆಳೆದ ನನಗೆ ಇದು ಬಲು ಇಷ್ಟವಾಯಿತು. ಹೋಗುವ ಮೊದಲು ಪತ್ರಿಕೆಯೊಂದರವರ ಜೊತೆ ಮಾತಾಡಿದ್ದೆ. ಅವರಿಗೆ ಬೇಕಾಗಿದ್ದದ್ದು ಒಂದೇ ಚಿತ್ರ: ಹುಣ್ಣಿಮೆಯ ಚಂದ್ರನ ಮುಂದೆ ಬಿಳಿ ಕೂದಲಿನ ಹುಡುಗಿ, ಕೈಯಲ್ಲಿ ಬಿಲ್ಲು. ಗ್ರಹಣವಿಲ್ಲದ ದಿನ ಮಗುವಿನ ಕೈಗೆ ಬಿಲ್ಲು ಕೊಟ್ಟು ನಿಲ್ಲಿಸುವುದೆಂದರೆ ಯಕ್ಷಗಾನದ ಕಿರೀಟವನ್ನು ದಾರಿಹೋಕನ ತಲೆಗೆ ಇಟ್ಟ ಹಾಗೆ. ಅದೂ ಅಲ್ಲದೆ ಆ ಸಮುದಾಯದಲ್ಲಿ ಸಿಪುಗಳ ಬದುಕು ಬರೀ ಬೆಳುದಿಂಗಳಾಗಿರಲಿಲ್ಲ. ಹಿಂದೆ ಇಂಥ ಶಿಶುಗಳನ್ನು ಹುಟ್ಟಿದ ಕೂಡಲೇ ಕೊಂದದ್ದನ್ನೂ, ಮದುವೆಗೆ ಇದ್ದ ಅಡ್ಡಿಗಳನ್ನೂ ಸಂಶೋಧಕರು ದಾಖಲಿಸಿದ್ದಾರೆ. ಗೌರವ ಮತ್ತು ಭಯ ಒಂದೇ ಮನೆಯಲ್ಲಿ ವಾಸ ಮಾಡುವುದು ನಮಗೆ ಹೊಸದೇನಲ್ಲವಲ್ಲ.

ನಾನು ಉಳಿದ ದ್ವೀಪದ ಹೆಸರು ಹೇಳುವುದಿಲ್ಲ. ಚಿಕ್ಕ ಜಾಗ, ಹೆಸರು ಹೇಳಿದರೆ ಮನೆ ಹೇಳಿದಂತೆ. ತೆಂಗು, ಬಿಳಿ ಮರಳಿನ ಚಿತ್ರಗಳನ್ನು ನೋಡಿರುತ್ತೀರಿ, ಅವು ಜನವಸತಿ ಇಲ್ಲದ ದ್ವೀಪಗಳು. ಜನರಿರುವ ದ್ವೀಪದಲ್ಲಿ ಮರಕ್ಕೆ ಜಾಗವೇ ಕಡಿಮೆ. ಗರಿ ಹೊದಿಸಿದ ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿ. ಕಡಲು ಏರುತ್ತಿರುವುದರಿಂದ ಕೆಲವರು ಆಗಲೇ ನೆಲಕ್ಕೆ ಮರಳುತ್ತಿದ್ದಾರೆ. ಗಾರ್ದಿ ಸುಗ್ದುಬ್ ಎಂಬ ದ್ವೀಪದ ಸುಮಾರು ಮುನ್ನೂರು ಕುಟುಂಬಗಳಿಗೆ 2024ರ ಜೂನ್‌ನಲ್ಲಿ ಕರಾವಳಿಯಲ್ಲಿ ಹೊಸ ಊರು ಕಟ್ಟಿಕೊಟ್ಟರು.

ಅಲ್ಲಿ ಯಾರ ಚಿತ್ರ ತೆಗೆಯಬೇಕಾದರೂ ಕೇಳಬೇಕು, ಸಾಮಾನ್ಯವಾಗಿ ಚಿತ್ರಕ್ಕೆ ಒಂದು ಡಾಲರ್ ಕೊಡಬೇಕು. ಮೊದಲ ದಿನ ನನಗೆ ಇದು ಕಸಿವಿಸಿಯಾಯಿತು. ನಾವು ಸ್ಟುಡಿಯೊದವರು, ಚಿತ್ರ ತೆಗೆದು ಹಣ ಪಡೆದವರೇ ಹೊರತು ಕೊಟ್ಟವರಲ್ಲ. ಆಮೇಲೆ ಹೊಳೆಯಿತು: ಮುಖ ಅವರದು, ಮಾರುವವನು ನಾನು, ಬೆಲೆ ಕಟ್ಟುವ ಹಕ್ಕು ಯಾರದು?

ಸಂಜೆ ಸಭೆಯ ಮನೆಗೆ ಕರೆದರು. ದೊಡ್ಡ ಗುಡಿಸಲು, ನಡುವೆ ತೂಗುಮಂಚಗಳಲ್ಲಿ ‘ಸಗ್ಲ’ ಎಂಬ ಹಿರಿಯರು ಒರಗಿದ್ದರು, ಸುತ್ತ ಬೆಂಚುಗಳ ಮೇಲೆ ಊರವರು. ಮಾತು ಗುನಾದಿಂದ ಸ್ಪ್ಯಾನಿಷ್‌ಗೆ, ಸ್ಪ್ಯಾನಿಷ್‌ನಿಂದ ನನ್ನ ಹರಕು ತಿಳಿವಳಿಕೆಗೆ ಇಳಿದು ಬರಬೇಕಿತ್ತು. ನಾನು ತಯಾರಾಗಿ ಹೋಗಿದ್ದೆ: ಜಾಗೃತಿ, ವಿಜ್ಞಾನ, ಗೌರವ. ಎಲ್ಲ ಕೇಳಿಸಿಕೊಂಡ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ‘ಅವರದು ಮಾತ್ರ ಏಕೆ? ನಾವು ಚೆನ್ನಾಗಿಲ್ಲವೇ?’

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ರಾತ್ರಿ ತೂಗುಮಂಚದಲ್ಲಿ ಮಲಗಿದಾಗ ಉತ್ತರ ಸಿಗಲಿಲ್ಲ. ಸಿಪುಗಳ ಚಿತ್ರವನ್ನು ಮಾತ್ರ ತೆಗೆದರೆ, ಮಾರ್ಷ್ ಸಾಲಾಗಿ ನಿಲ್ಲಿಸಿದ್ದಕ್ಕೂ ನಾನು ಮಾಡುವುದಕ್ಕೂ ಇರುವ ವ್ಯತ್ಯಾಸ ನನ್ನ ಲೆನ್ಸಿನ ಬೆಲೆಯಷ್ಟೇ.

ಬೆಳಿಗ್ಗೆ ಹೋಗಿ ಹೇಳಿದೆ: ಎಲ್ಲರ ಚಿತ್ರವನ್ನೂ ತೆಗೆಯುತ್ತೇನೆ, ಯಾರು ಬಂದರೂ. ಅಂಗೈಯಗಲದ ಪ್ರಿಂಟರ್ ತಂದಿದ್ದೆ. ಡಾಲರ್ ಬೇಡ, ಪ್ರಿಂಟ್ ಕೊಡು ಎಂದು ತೀರ್ಮಾನವಾಯಿತು. ಹೊರಗೆ ಒಯ್ಯುವ ಪ್ರತಿ ಚಿತ್ರಕ್ಕೂ ಆ ಮನೆಯವರನ್ನು ಬೇರೆಯಾಗಿ ಕೇಳಬೇಕು ಎಂಬ ಷರತ್ತನ್ನೂ ಹಾಕಿದರು. ಎರಡು ಮನೆಯವರು ಬೇಡವೆಂದರು, ಆ ಚಿತ್ರಗಳು ಇಂದು ಇಲ್ಲಿಲ್ಲ. ಹೀಗೆ ನಾನು ಭೂಮಿಯ ಆಚೆ ಬದಿಗೆ ಹೋಗಿ ಮತ್ತೆ ಮಾವನ ಸ್ಟುಡಿಯೊವನ್ನೇ ತೆರೆದೆ. ಕಪ್ಪು ಕೋಟೊಂದು ಇರಲಿಲ್ಲ.

ಈಗ ಬೆಳಕಿನ ವಿಷಯ. ಇಲ್ಲಿರುವ ಅರ್ಧ ಜನ ಬಂದದ್ದೇ ಇದಕ್ಕೆಂದು ಗೊತ್ತು.

ಆ ದ್ವೀಪಗಳು ಸಮಭಾಜಕದಿಂದ ಉತ್ತರಕ್ಕೆ ಸುಮಾರು ಒಂಬತ್ತೂವರೆ ಡಿಗ್ರಿಯಲ್ಲಿವೆ, ಮೈಸೂರು ಹನ್ನೆರಡರ ಮೇಲಿದೆ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಮರಳಿನಿಂದ, ನೀರಿನಿಂದ, ದೋಣಿಯ ಬಿಳಿ ಬಣ್ಣದಿಂದ ತಿರುಗಿ ಬಂದು ಟೋಪಿಯ ಕೆಳಗಿನಿಂದ ಗಲ್ಲ ಸುಡುತ್ತದೆ. ಅಲ್ಲಿ ನಡುವಯಸ್ಸಿನ ಮೀನುಗಾರನೊಬ್ಬ ಇದ್ದ. ಟೋಪಿ ಬಿಡುತ್ತಿರಲಿಲ್ಲ, ಉದ್ದ ತೋಳಿನ ಅಂಗಿ ಬಿಡುತ್ತಿರಲಿಲ್ಲ, ಆದರೂ ಕೆಳತುಟಿಯೂ ಗಲ್ಲದ ಅಡಿಯೂ ಬಿರಿದು ಗಟ್ಟಿಯಾಗಿದ್ದವು. ಸಿಪುಗಳ ಆಯುಷ್ಯ ಕಡಿಯುವುದು ಇದೇ, ಚರ್ಮದ ಕ್ಯಾನ್ಸರ್. ಮೆಲನಿನ್ ಎಂಬ ನಮ್ಮ ಕಂದು ಬಣ್ಣ ಬಿಸಿಲಿಗೆ ಹಿಡಿದ ಕೊಡೆ. ಅದಿಲ್ಲದವರಿಗೆ ಬಟ್ಟೆ, ನೆರಳು ಮತ್ತು ಸನ್‌ಸ್ಕ್ರೀನ್ ಮಾತ್ರ ಗತಿ. ಸನ್‌ಸ್ಕ್ರೀನ್ ದುಬಾರಿ. ಮೀನಿನ ಹೊತ್ತು ಕಾಯುವುದಿಲ್ಲ. ಹಾಗಾಗಿ ‘ಇನ್ನೊಂದೇ ಒಂದು ಶಾಟ್, ಸ್ವಲ್ಪ ಬಿಸಿಲಿಗೆ ಬನ್ನಿ’ ಎಂಬ ನಮ್ಮ ಮಾಮೂಲಿ ಕೋರಿಕೆ ಅಲ್ಲಿ ಕೋರಿಕೆಯಲ್ಲ, ಅಪರಾಧ.

ಹತ್ತು ಗಂಟೆಯಿಂದ ಮೂರೂವರೆಯವರೆಗೆ ಹೊರಗೆ ಕ್ಯಾಮೆರಾ ಎತ್ತುವುದನ್ನು ನಿಲ್ಲಿಸಿದೆ. ಮನೆಯೊಳಗೆ ಕೆಲಸ. ಅಲ್ಲಿನ ಗೋಡೆ ಎಂದರೆ ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಿದ್ದು, ಸಂದುಗಳಿಂದ ಬೆಳಕು ಪಟ್ಟೆ ಪಟ್ಟೆಯಾಗಿ ಒಳಗೆ ಬೀಳುತ್ತದೆ. ಛಾಯಾಗ್ರಾಹಕನಿಗೆ ಬಾಯಲ್ಲಿ ನೀರೂರಿಸುವ ಬೆಳಕು. ಕೂತವರಿಗೆ ಅದು ಕಣ್ಣಿಗೆ ಇಟ್ಟ ಚಾಕುಗಳ ಸಾಲು. ನಾನು ಊರಿನಿಂದ ಉಡಲು ಒಯ್ದಿದ್ದ ಬಿಳಿ ಪಂಚೆಯನ್ನು ಗೋಡೆಗೆ ಅಡ್ಡ ಕಟ್ಟಿದೆ. ಬೆಳಕು ಹಾಲಿನಂತೆ ಹರಡಿತು. ಎದುರು ಕೂತಿದ್ದ ಹುಡುಗಿ ಹುಬ್ಬು ಬಿಚ್ಚಿದಳು, ನಾನು ಏನೂ ಹೇಳದೆಯೇ. ಅಂದಿನಿಂದ ಹನ್ನೆರಡು ದಿನವೂ ಪಂಚೆ ನನಗೆ ಸಿಗಲಿಲ್ಲ.

ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಎಂದು ಕೇಳುತ್ತೀರಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಲೋಕವೆಲ್ಲ ನಡುಬೂದಿ ಬಣ್ಣದ್ದೆಂದು ನಂಬಿದ ಪ್ರಾಣಿ. ಬೆಳ್ಳಗಿನ ಮುಖ ಚೌಕಟ್ಟನ್ನು ತುಂಬಿದರೆ, ಇಷ್ಟು ಬೆಳಕು ಅತಿಯಾಯಿತೆಂದು ಕತ್ತಲು ಮಾಡುತ್ತದೆ, ಚರ್ಮ ಬೂದಿ ಮೆತ್ತಿದಂತೆ ಬರುತ್ತದೆ. ಅಲ್ಲಿ ಮುಕ್ಕಾಲರಿಂದ ಒಂದು ಸ್ಟಾಪ್ ಕೂಡಿಸಬೇಕು (ಒಂದು ಸ್ಟಾಪ್ ಕೂಡಿಸಿದರೆ ಬೆಳಕು ಇಮ್ಮಡಿ, ಕಳೆದರೆ ಅರ್ಧ). ಅದೇ ಮುಖ ಕತ್ತಲ ಗುಡಿಸಲಿನ ಮುಂದೆ ಚಿಕ್ಕದಾಗಿದ್ದರೆ ಮೀಟರ್ ಎಲ್ಲವನ್ನೂ ಬೆಳಗಿಸಹೋಗಿ ಮುಖ ಸುಟ್ಟು ಖಾಲಿ ಕಾಗದವಾಗುತ್ತದೆ. ಅಲ್ಲಿ ಕಳೆಯಬೇಕು. ಡಿಜಿಟಲ್‌ನಲ್ಲಿ ಹೀಗೆ ಸುಟ್ಟುಹೋದದ್ದು ಮರಳಿ ಬರುವುದಿಲ್ಲ. ನಾನು ಮುಖದ ಅತ್ಯಂತ ಬೆಳ್ಳಗಿನ ಜಾಗ, ಅಂದರೆ ಹಣೆ ಅಥವಾ ಮೂಗಿನ ತುದಿ, ಅದಕ್ಕೆ ಅಳತೆ ಮಾಡಿ ಉಳಿದದ್ದನ್ನು ಆಮೇಲೆ ಎತ್ತಿಕೊಂಡೆ.

ನೋಡಿ, ಈ ಚಿತ್ರದಲ್ಲಿ ಐವರಿದ್ದಾರೆ. ಅಜ್ಜಿ, ತಾಯಿ, ಮೂವರು ಮಕ್ಕಳು. ನಡುವಿನವಳು ಸಿಪು. ಮೊದಲ ಸಲ ಅವಳನ್ನು ಬಾಗಿಲ ಹತ್ತಿರ ಕೂರಿಸಿದ್ದೆ, ಬೆಳಕು ಚೆನ್ನಾಗಿತ್ತೆಂದು. ಪರದೆಯಲ್ಲಿ ನೋಡಿದರೆ ಅವಳೊಬ್ಬಳೇ ದೀಪದ ಹಾಗೆ ಉರಿಯುತ್ತಿದ್ದಳು, ಉಳಿದವರು ಹಿನ್ನೆಲೆಯಾಗಿದ್ದರು. ಅವಳನ್ನು ಗೋಡೆಯ ಕಡೆಗೆ ಸರಿಸಿ ಅಜ್ಜಿಯನ್ನು ಬಾಗಿಲ ಹತ್ತಿರ ತಂದೆ. ಬಾಗಿಲಿನಿಂದ ಒಂದೂವರೆ ಮಾರು ದೂರಕ್ಕೆ ಬೆಳಕು ಒಂದು ಸ್ಟಾಪ್‌ಗಿಂತ ಹೆಚ್ಚು ಇಳಿಯುತ್ತದೆ. ಈಗ ನಿಮ್ಮ ಕಣ್ಣು ಮೊದಲು ಹೋಗುವುದು ಅಜ್ಜಿಯ ಮೂಗಿನ ಚಿನ್ನದ ಉಂಗುರಕ್ಕೆ, ಅಲ್ಲಿಂದ ತೊಡೆಯ ಮೇಲಿನ ಹೊಲಿಗೆಗೆ. ಮೊಲಾ ಎಂದರೆ ಬಣ್ಣದ ಬಟ್ಟೆಗಳನ್ನು ಪದರ ಪದರವಾಗಿಟ್ಟು, ಮೇಲಿನದನ್ನು ಕತ್ತರಿಸಿ ಕೆಳಗಿನದು ಕಾಣುವಂತೆ ಅಂಚು ಮಡಚಿ ಹೊಲಿಯುವ ಕೆಲಸ. ನಮ್ಮ ಕೌದಿಯ ದೂರದ ನೆಂಟ. ನಡುವಿನ ಹುಡುಗಿ ಮುಖಕ್ಕೆ ನಾಲ್ಕು ಬೆರಳು ದೂರದಲ್ಲಿ ಸೂಜಿ ಹಿಡಿದು ಹೊಲಿಯುತ್ತಿದ್ದಾಳೆ. ಬಿಳಿ ಹುಡುಗಿಯ ಚಿತ್ರವಾಗಿದ್ದದ್ದು ಹೊಲಿಗೆಯ ಚಿತ್ರವಾಗಲು ನಾನು ಮಾಡಿದ್ದು ಒಂದು ಸ್ಟೂಲ್ ಸರಿಸಿದ್ದು.

ಮತ್ತೆ, ಅವಳು ಬೆಳ್ಳಗಿದ್ದಾಳೆ ಎನ್ನುತ್ತೇವೆ, ಆದರೆ ಹತ್ತಿರದಿಂದ ನೋಡಿ. ಒಸಿಎ2 ಬಗೆಯಲ್ಲಿ ಬಣ್ಣ ಪೂರ್ತಿ ಇಲ್ಲದಿರುವುದಿಲ್ಲ. ಕೂದಲು ಕಾಗದದ ಬಿಳುಪಲ್ಲ, ಒಣಗಿದ ಜೋಳದ ಗರಿಯ ಹಳದಿ. ಕೆನ್ನೆಯ ಮೇಲೆ ಕಂದು ಚುಕ್ಕೆ. ಕಣ್ಣು ಬೂದು ಬೆರೆತ ನೀಲಿ. ಚಿತ್ರವನ್ನು ಕಪ್ಪು ಬಿಳುಪಾಗಿಸಿ ವ್ಯತ್ಯಾಸ ಏರಿಸಿದರೆ ಇವೆಲ್ಲ ಅಳಿಸಿಹೋಗಿ ಅವಳು ದೆವ್ವವಾಗುತ್ತಾಳೆ. ಬಹುಮಾನ ಸಿಗುವುದು ಅಂಥ ಚಿತ್ರಗಳಿಗೇ.

ಕೆಂಪು ಕಣ್ಣಿನ ವಿಷಯವೂ ಹಾಗೆಯೇ. ಆಲ್ಬಿನಿಸಂ ಇರುವವರ ಕಣ್ಣು ಕೆಂಪು ಎಂಬ ನಂಬಿಕೆ ಬೇರೂರಿದೆ. ಬಹುತೇಕರದು ನೀಲಿ, ಬೂದು ಅಥವಾ ತಿಳಿಗಂದು. ಪಾಪೆಯ ಸುತ್ತಲಿನ ಪರದೆಯಲ್ಲಿ ಬಣ್ಣ ಕಡಿಮೆ ಇರುವುದರಿಂದ ಎದುರಿನಿಂದ ಹೊಡೆದ ಫ್ಲಾಶ್ ಒಳಗಿನ ರಕ್ತನಾಳಗಳಿಗೆ ತಾಗಿ ಕೆಂಪಾಗಿ ಮರಳುತ್ತದೆ. ಅಂದರೆ ಆ ಕೆಂಪಿನಲ್ಲಿ ಬಹುಪಾಲು ನಮ್ಮ ಕಾಣಿಕೆ. ಎರಡನೆಯ ದಿನ ನನ್ನ ಫ್ಲಾಶ್ ತಪ್ಪಿ ಹೊಡೆಯಿತು. ಎದುರಿದ್ದ ಮಗು ಅಳಲಿಲ್ಲ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ತಾಯಿಯ ಮಡಿಲಲ್ಲಿ ತಲೆ ಹುದುಗಿಸಿ ಬಹಳ ಹೊತ್ತು ಏಳಲಿಲ್ಲ. ಆ ಫ್ಲಾಶ್ ಆಮೇಲೆ ಚೀಲದಿಂದ ಹೊರಗೆ ಬರಲಿಲ್ಲ.

ಇನ್ನು ತಲೆಯ ವಿಷಯ, ನಾನು ಇಲ್ಲಿಗೆ ಬಂದದ್ದೇ ಅದಕ್ಕೆ. ಹನ್ನೆರಡರ ಆಸುಪಾಸಿನ ಹುಡುಗನೊಬ್ಬ ಕೂತಿದ್ದ. ಬೆಳಕು ಮೆತ್ತಗಿತ್ತು, ಕಣ್ಣು ತೆರೆದಿತ್ತು, ಆದರೆ ತಲೆ ಬಲಕ್ಕೆ ತಿರುಗಿ ಗಲ್ಲ ಒಳಕ್ಕೆ ಇಳಿದಿತ್ತು. ಮಾವನ ಪಾಠ ಬಾಯಿಗೆ ಬಂತು. ಸನ್ನೆ ಮಾಡಿ ನೆಟ್ಟಗೆ ಮಾಡಿಸಿದೆ. ಮಾಡಿದ. ಕೂಡಲೇ ಅವನ ಕಣ್ಣುಗಳು ಗಡಿಯಾರದ ಲೋಲಕದಂತೆ ಅತ್ತಿತ್ತ ಓಡತೊಡಗಿದವು. ಮತ್ತೆ ತಲೆ ತಿರುಗಿಸಿದ, ಓಟ ನಿಧಾನವಾಯಿತು. ಮೂರು ಸಲ ಹೀಗಾಯಿತು. ಅಲ್ಲಿದ್ದ ಶಾಲೆಯ ಮೇಷ್ಟರು, ಸ್ವಲ್ಪ ಬೇಸರದಿಂದಲೇ ಹೇಳಿದರು: ‘ಹಾಗೆ ತಿರುಗಿಸಿದರೆ ಮಾತ್ರ ಅವನಿಗೆ ನೀವು ಕಾಣುತ್ತೀರಿ.’

ಆಲ್ಬಿನಿಸಂ ಜೊತೆಗೆ ಕಣ್ಣಾಲಿಗಳು ತಾವಾಗಿ ಅದುರುವುದು ಇರುತ್ತದೆ. ಒಂದು ನಿರ್ದಿಷ್ಟ ಕೋನದಲ್ಲಿ ಅದುರುವಿಕೆ ಎಲ್ಲಕ್ಕಿಂತ ಕಡಿಮೆ, ನೋಟ ಎಲ್ಲಕ್ಕಿಂತ ಸ್ಪಷ್ಟ. ಪ್ರತಿಯೊಬ್ಬರದೂ ಬೇರೆ ಕೋನ. ಬುದ್ಧಿ ಬರುವ ಮೊದಲೇ ಕುತ್ತಿಗೆ ಅದನ್ನು ಹುಡುಕಿಕೊಂಡಿರುತ್ತದೆ. ನಾನು ಸೊಟ್ಟ ಎಂದುಕೊಂಡದ್ದು ಅವನು ನನ್ನನ್ನು ನೋಡುವ ರೀತಿ. ನೆಟ್ಟಗೆ ಕೂತಾಗ ಅವನು ಚಿತ್ರಕ್ಕೆ ಚೆನ್ನಾಗಿದ್ದ, ಆದರೆ ಆ ಹೊತ್ತು ಅವನಿಗೆ ಎದುರಿಗಿದ್ದವನ ಮುಖವಿರಲಿಲ್ಲ. ಮಾವನ ಸ್ಟುಡಿಯೊದ ಆ ಹುಡುಗನೂ ಹನ್ನೊಂದು ಸಲವೂ ನನ್ನನ್ನು ನೋಡಲು ಪ್ರಯತ್ನಪಟ್ಟಿದ್ದ.

ಆಗ ಸಭಿಕರೊಬ್ಬರು ಎದ್ದು ಕೇಳಿದರು: ಪಾಸ್‌ಪೋರ್ಟ್ ಫೋಟೊಗೆ ಏನು ಮಾಡುವುದು, ಅಲ್ಲಿ ನಿಯಮವಿದೆಯಲ್ಲ? ನನ್ನ ಅನುಭವದಲ್ಲಿ ಫ್ಲಾಶ್ ಬಿಟ್ಟು, ಕಿಟಕಿಗೆ ಪಂಚೆ ಕಟ್ಟಿ, ಆತುರವಿಲ್ಲದೆ ಕೂರಿಸಿದರೆ ಒಂದು ಕ್ಷಣದ ಮಟ್ಟಿಗೆ ನೆಟ್ಟಗೆ ತಿರುಗಿ ಕಣ್ಣು ತೆರೆಯಲು ಹೆಚ್ಚಿನವರಿಗೆ ಸಾಧ್ಯ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ದರ ಹೆಚ್ಚು ಮಾಡಬೇಡಿ.

ಇನ್ನೊಬ್ಬರು ಟಾಂಜಾನಿಯಾದ ಬಗ್ಗೆ ಕೇಳಿದರು. ಅಲ್ಲಿ, ಪೂರ್ವ ಆಫ್ರಿಕದ ಇನ್ನೂ ಕೆಲವೆಡೆ, ಮಾಟಗಾರರಿಗೆ ಮಾರಲು ಆಲ್ಬಿನಿಸಂ ಇರುವವರ ಕೈಕಾಲು ಕಡಿದ, ಕೊಂದ ಪ್ರಕರಣಗಳು ನಡೆದಿವೆ. ಅಲ್ಲಿ ಊರಿನ ಹೆಸರಿನೊಡನೆ ಮಗುವಿನ ಚಿತ್ರ ಪ್ರಕಟಿಸುವುದೆಂದರೆ ಕೊಲೆಗಾರನಿಗೆ ವಿಳಾಸ ಕೊಟ್ಟಂತೆ. ಗುನಾ ಜನರಲ್ಲಿ ಆ ಭಯ ನಾನು ಕಾಣಲಿಲ್ಲ. ಹಾಗಾಗಿ ‘ಆಲ್ಬಿನಿಸಂ ಇರುವವರ ಚಿತ್ರ ತೆಗೆಯುವುದು ಹೇಗೆ’ ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಸಲ್ಲುವ ಉತ್ತರ ನನ್ನ ಬಳಿ ಇಲ್ಲ.

ಕೊನೆಯ ಎರಡು ಚಿತ್ರ ತೋರಿಸಿ ಮುಗಿಸುತ್ತೇನೆ. ಇವು ಯಾವ ಪ್ರದರ್ಶನಕ್ಕೂ ಹೋಗಿಲ್ಲ, ಹೋಗುವಷ್ಟು ಚೆನ್ನಾಗಿಯೂ ಇಲ್ಲ.

ಅದೇ ತಲೆ ತಿರುಗಿಸುವ ಹುಡುಗ, ಹೊರಡುವ ಹಿಂದಿನ ಸಂಜೆ, ದೋಣಿಕಟ್ಟೆಯ ಚಪ್ಪರದ ಕೆಳಗೆ. ಸೂರ್ಯ ಬೆಟ್ಟದ ಹಿಂದೆ ಇಳಿದಿದ್ದ. ಅವನದೊಂದು ಚಿತ್ರ ತೆಗೆದು ಕ್ಯಾಮೆರಾದ ಪರದೆ ತೋರಿಸಿದೆ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತಾಗುವಷ್ಟು ಹತ್ತಿರ ತಂದ. ಗುಂಡಿ ಒತ್ತಿ ದೊಡ್ಡದು ಮಾಡುವುದನ್ನು ತೋರಿಸಿಕೊಟ್ಟೆ. ತನ್ನ ಮುಖವನ್ನು ನೋಡುತ್ತಿದ್ದಾನೆ ಎಂದುಕೊಂಡೆ. ಬಗ್ಗಿ ನೋಡಿದರೆ ಅವನು ಮುಖವನ್ನು ಆಗಲೇ ಬದಿಗೆ ಸರಿಸಿ, ಹಿನ್ನೆಲೆಯಲ್ಲಿ ಬೆರಳುಗುರಿನಷ್ಟಿದ್ದ ದೋಣಿಯೊಂದನ್ನು ಹಿಗ್ಗಿಸುತ್ತಿದ್ದ. ತೆಂಗಿನಕಾಯಿ ಕೊಳ್ಳಲು ಕೊಲಂಬಿಯಾದಿಂದ ಬರುವ ವ್ಯಾಪಾರದ ದೋಣಿ. ದೋಣಿಗಳನ್ನೆಲ್ಲ ಅವನು ಇಂಜಿನ್ ಸದ್ದಿನಿಂದಲೇ ಗುರುತಿಸುತ್ತಾನೆಂದು ಮೇಷ್ಟರು ಹೇಳಿದ್ದರು. ಅದರ ಮೂತಿಯ ಮೇಲೆ ಬರೆದ ಹೆಸರನ್ನು ಈಗ ಒಂದೊಂದೇ ಅಕ್ಷರವಾಗಿ ಓದಿದ.

ಆಮೇಲೆ ನನ್ನ ತೋಳು ಹಿಡಿದು ಆಚೆ ಬೆಟ್ಟ ತೋರಿಸಿದ. ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್ ಹಾಕಿ ಬೆಟ್ಟ ತೆಗೆದೆ, ನೋಡಿದ. ಪಕ್ಕದ ದ್ವೀಪದ ಬಾವುಟ. ನೋಡಿದ. ನೀರಿಗೆ ಏನೋ ಧುಮುಕಿದ ಸದ್ದಾಯಿತು, ಆ ಕಡೆ ಬೆರಳು ಮಾಡಿದ. ಕಂಬದ ಮೇಲೆ ಬಂದು ಕೂತದ್ದು ಹೆಜ್ಜಾರ್ಲೆ, ಕೊಕ್ಕರೆಬೆಳ್ಳೂರಿನದಲ್ಲ, ಅಲ್ಲಿನ ಕಂದು ಜಾತಿಯದು. ಅದೇ ಈ ಚಿತ್ರ. ಓರೆಯಾಗಿದೆ, ಕತ್ತಲಾಗಿದೆ, ಕೊಕ್ಕು ಚೌಕಟ್ಟಿನಿಂದ ಆಚೆ ಹೋಗಿದೆ. ಅವನು ಬಹಳ ಹೊತ್ತು ನೋಡಿದ್ದು ಇದನ್ನೇ. ಕೊಕ್ಕಿನ ಕೆಳಗಿನ ಚೀಲದಿಂದ ನೀರು ಸೋರುತ್ತಿರುವುದನ್ನು ಬೆರಳಿನಿಂದ ತೋರಿಸಿ ನನಗೇ ವಿವರಿಸಿದ, ಗುನಾ ಭಾಷೆಯಲ್ಲಿ, ನನಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಪರಿವೆಯಿಲ್ಲದೆ. ಮತ್ತೆ ಬೆರಳು ಎತ್ತಿದ. ಹದಿನೇಳನೆಯ ಚಿತ್ರಕ್ಕೆ ಬ್ಯಾಟರಿ ಮುಗಿಯಿತು.